ಅಳಿವೆಯ ದಡದಲ್ಲಿ ಒಂದು ಪುಟ

"ಟೀಚರ್, ಇದು ನಮ್ಮ ಕಾಳಿ ಅಲ್ವಾ?"

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಹೀಗೆ ಕೇಳಿದಾಗ ಇಡೀ ಕ್ಲಾಸು ಸುಮ್ಮನಾಯಿತು. ಅದು 2024ರ ಜೂನ್ ಕೊನೆ. ಹೊರಗೆ ಮಳೆ ಹೊಯ್ಯುತ್ತಿತ್ತು. ಹೆಂಚಿನ ಮೇಲೆ ಬೀಳುವ ಸದ್ದಿನಲ್ಲಿ ಹಿಂದಿನ ಬೆಂಚಿಗೆ ನನ್ನ ದನಿ ಮುಟ್ಟುತ್ತಿರಲಿಲ್ಲ. ಅದಕ್ಕೇ ಮಕ್ಕಳನ್ನೆಲ್ಲ ಮೇಜಿನ ಸುತ್ತ ಕೂರಿಸಿಕೊಂಡಿದ್ದೆ. ಲ್ಯಾಪ್‌ಟಾಪಿನಲ್ಲಿ ಠಾಗೋರರ ಒಂದು ಬಂಗಾಳಿ ಪುಟ, ಪಕ್ಕದಲ್ಲಿ ಅನುವಾದದ ಯಂತ್ರ ಮಾಡಿಕೊಟ್ಟ ಕನ್ನಡ. ಆ ಕನ್ನಡದಲ್ಲಿ 'ಕಪ್ಪು ನದಿ' ಎಂದಿತ್ತು. ಗುಡ್ಡಗಳ ನಡುವೆ ಹರಿದು ಬಂದು ಸಮುದ್ರ ಸೇರುವ ಕಪ್ಪು ನದಿ.

ಅವಳ ಮನೆಮಾತು ಕೊಂಕಣಿ. "ಕಾಳಿ ಅಂದ್ರೂ ಕಪ್ಪೇ ಅಲ್ವಾ ಟೀಚರ್" ಎಂದಳು. ಹೌದಲ್ಲ! ಮೂಲದಲ್ಲಿ ಇದ್ದದ್ದು 'ಕಾಲಾನದಿ'. ಅದು ಒಂದು ನದಿಯ ಹೆಸರು ಎಂದು ಯಂತ್ರಕ್ಕೆ ತಿಳಿಯಲಿಲ್ಲ. ಅವಳಿಗೆ ತಿಳಿಯಿತು. ದಿನಾ ಆ ನದಿಯನ್ನು ನೋಡಿಕೊಂಡೇ ಶಾಲೆಗೆ ಬರುವವಳು ಅವಳು.

ನಾನು ಕಾರವಾರ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಹದಿನೇಳು ವರ್ಷದಿಂದ ಕನ್ನಡ ಕಲಿಸುತ್ತಿದ್ದೇನೆ. ಪಾಠಕ್ಕೆ ಇಂಟರ್ನೆಟ್ ಬಳಸಲು ಶುರುಮಾಡಿ ಏಳೆಂಟು ವರ್ಷ ಆಗಿರಬಹುದು. ಮೊದಲ ಎರಡು ವರ್ಷ ನಾನು ಮಾಡಿದ್ದು ತಪ್ಪು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರತಿ ಪದ್ಯಕ್ಕೂ ಸ್ಲೈಡ್ ಮಾಡುತ್ತಿದ್ದೆ. ಕವಿಯ ಫೋಟೋ, ಹುಟ್ಟಿದ ಊರು, ಪ್ರಶಸ್ತಿ, ಕೃತಿಗಳ ಪಟ್ಟಿ. ಆಮೇಲೆ ಸಾರಾಂಶ ಹೇಳುವ ಒಂದು ವಿಡಿಯೋ. ಮಕ್ಕಳು ಚೆನ್ನಾಗಿ ನೋಡುತ್ತಿದ್ದರು. ಚೆನ್ನಾಗಿ ಬರೆದುಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಅಂಕವೂ ಬರುತ್ತಿತ್ತು. ಆದರೆ ಪದ್ಯವನ್ನು ಯಾರೂ ಓದುತ್ತಿರಲಿಲ್ಲ. ಸಾರಾಂಶ ಕೈಗೆ ಸಿಕ್ಕ ಮೇಲೆ ಪದ್ಯ ಯಾಕೆ ಬೇಕು, ಅಲ್ವಾ? ಒಂದು ದಿನ ಒಬ್ಬ ಹುಡುಗನಿಗೆ ಪದ್ಯ ಓದು ಎಂದೆ. ಅವನು ಎದ್ದು ನಿಂತು ಸಾರಾಂಶವನ್ನು ಬಾಯಿಪಾಠ ಒಪ್ಪಿಸಿದ. ಅವನಿಗೆ ಅದೇ ಪದ್ಯವಾಗಿಹೋಗಿತ್ತು. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಸ್ಲೈಡ್ ಮಾಡುವುದನ್ನು ಅಲ್ಲಿಗೆ ಬಿಟ್ಟೆ.

ಆದರೆ ಇಂಟರ್ನೆಟ್ ಬಿಡಲಿಲ್ಲ. ಬೇರೆ ಥರ ಬಳಸಲು ಕಲಿಯುತ್ತಾ ಬಂದೆ. ಈ ಬರಹ ಅದರ ಬಗ್ಗೆ. ಮುಖ್ಯವಾಗಿ ಆ ಒಂದು ವರ್ಷದ, ಆ ಒಂದು ಪುಟದ ಬಗ್ಗೆ.

ಠಾಗೋರರು ಕಾರವಾರಕ್ಕೆ ಬಂದಿದ್ದರು ಎಂದು ನಮ್ಮೂರಿನ ಚಿಕ್ಕ ಮಕ್ಕಳಿಗೂ ಗೊತ್ತು. ಕಡಲತೀರಕ್ಕೆ ಅವರ ಹೆಸರೇ ಇದೆ. ಬಂದದ್ದು 1883ರಲ್ಲಿ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಐಸಿಎಸ್ ಪಾಸಾದ ಮೊದಲ ಭಾರತೀಯ ಅವರೇ. ತಮ್ಮನಿಗೆ ಆಗ 22 ವರ್ಷ. ಇನ್ನೂ ಮದುವೆ ಆಗಿರಲಿಲ್ಲ. 'ಪ್ರಕೃತಿಯ ಪ್ರತಿಶೋಧ' ಎಂಬ ನಾಟಕವನ್ನು ಬರೆದದ್ದು ಇಲ್ಲೇ. ಇಷ್ಟನ್ನು ಪ್ರತಿ ವರ್ಷ ಯಾರಾದರೂ ಭಾಷಣದಲ್ಲಿ ಹೇಳುತ್ತಾರೆ. ಆದರೆ ನಮ್ಮ ಊರನ್ನು ನೋಡಿ ಅವರು ಏನು ಬರೆದರು? ಅದನ್ನು ನಾನೂ ಓದಿರಲಿಲ್ಲ.

ಅದು ಅವರ ಆತ್ಮಕಥನ 'ಜೀವನಸ್ಮೃತಿ'ಯಲ್ಲಿದೆ. ಕಾರವಾರದ್ದು ಪುಟ್ಟ ಅಧ್ಯಾಯ, ಎರಡು ಮೂರು ಪುಟ ಅಷ್ಟೇ. ಇಂಗ್ಲಿಷ್ ಅನುವಾದ 1917ರಲ್ಲಿ ಬಂತು. ಮಾಡಿದವರು ಇದೇ ಸತ್ಯೇಂದ್ರನಾಥರ ಮಗ ಸುರೇಂದ್ರನಾಥರು. ಆ ಅನುವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಬಂಗಾಳಿ ಮೂಲ ವಿಕಿಸೋರ್ಸ್‌ನಲ್ಲಿದೆ. ನಮ್ಮ ಕಾನೂನಿನ ಪ್ರಕಾರ ಲೇಖಕ ತೀರಿಕೊಂಡು 60 ವರ್ಷದ ತನಕ ಹಕ್ಕು ಇರುತ್ತದೆ. ಠಾಗೋರರು ತೀರಿಕೊಂಡದ್ದು 1941ರಲ್ಲಿ. 2001 ಮುಗಿದ ಮೇಲೆ ಅವರ ಬರಹ ಎಲ್ಲರದ್ದು. ಮಕ್ಕಳಿಗೆ ಇದನ್ನೂ ಹೇಳಿದೆ. ಒಂದು ಪುಸ್ತಕ ನೆಟ್‌ನಲ್ಲಿ ಯಾಕೆ ಸಿಗುತ್ತದೆ, ಇನ್ನೊಂದು ಯಾಕೆ ಸಿಗುವುದಿಲ್ಲ ಎಂದು ಅವರಿಗೆ ಗೊತ್ತಿರಬೇಕು.

ನಮ್ಮದು ಕನ್ನಡ ಮಾಧ್ಯಮ. ಇಂಗ್ಲಿಷ್ ಪುಟ ಕೊಟ್ಟರೆ ಮಕ್ಕಳು ಹೆದರುತ್ತಾರೆ. ಹಾಗಾಗಿ ಇಂಗ್ಲಿಷ್ ಕಲಿಸುವ ನನ್ನ ಸಹೋದ್ಯೋಗಿಯನ್ನು ಕರೆದುಕೊಂಡೆ. ಒಂದು ಗುಂಪಿಗೆ ಎರಡೆರಡು ವಾಕ್ಯ. ಅದನ್ನು ಕನ್ನಡ ಮಾಡಬೇಕು. ವಾರಕ್ಕೆ ಒಂದು ಪಿರಿಯಡ್‌ನಂತೆ ಐದು ವಾರ ಹಿಡಿಯಿತು. ನನ್ನ ಹದಿನೇಳು ವರ್ಷದಲ್ಲಿ ಸಾಹಿತ್ಯ ಎಂದರೆ ಏನು ಎಂದು ಮಕ್ಕಳ ಮುಖದಲ್ಲಿ ಕಂಡದ್ದು ಆ ಐದು ವಾರ.

ಮೊದಲು ಸಿಕ್ಕಿದ್ದು ಒಂದು ಮರ. ದಡದ ಉದ್ದಕ್ಕೂ 'ಕ್ಯಾಸುರಿನಾ' ಕಾಡು ಇದೆ ಎಂದು ಅನುವಾದದಲ್ಲಿದೆ. ಯಾರಿಗೂ ಗೊತ್ತಾಗಲಿಲ್ಲ. ಫೋಟೋ ಹುಡುಕಿ ತೋರಿಸಿದೆ. "ಅಯ್ಯೋ, ಗಾಳಿಮರ!" ಎಂದರು. ಆ ಮರಗಳ ಸದ್ದು ಯಾವತ್ತೂ ನಿಲ್ಲುವುದಿಲ್ಲ, ಆ ರಾತ್ರಿ ಮಾತ್ರ ಅದೂ ನಿಂತಿತ್ತು ಎಂದು ಠಾಗೋರರು ಬರೆಯುತ್ತಾರೆ. "ಗಾಳಿಮರ ಸುಮ್ನಿರೋದೇ ಇಲ್ಲ ಟೀಚರ್. ಅದು ಸುಮ್ನಾಯ್ತು ಅಂದ್ರೆ ಎಷ್ಟು ಸುಮ್ನಿರಬೇಕು!" ಎಂದ ಒಬ್ಬ. ಈ ಮಾತನ್ನು ನಾನು ಹೇಳಿಕೊಟ್ಟಿರಲಿಲ್ಲ. ಯಾವ ವಿಡಿಯೋದಲ್ಲೂ ಇದು ಇರಲಿಲ್ಲ.

ಆಮೇಲೆ ದೋಣಿ. ಬೆಳದಿಂಗಳ ರಾತ್ರಿ ಅವರೆಲ್ಲ ಸಣ್ಣ ದೋಣಿಯಲ್ಲಿ ಕಾಳಿಯ ಮೇಲಕ್ಕೆ ಹೋಗುತ್ತಾರೆ. ಶಿವಾಜಿಯ ಹಳೆಯ ಗುಡ್ಡದ ಕೋಟೆಯೊಂದರ ಹತ್ತಿರ ಇಳಿಯುತ್ತಾರೆ. ರೈತರೊಬ್ಬರ ಮನೆಯ ಗುಡಿಸಿಟ್ಟ ಅಂಗಳದಲ್ಲಿ ಕೂತು, ತಂದಿದ್ದ ಬುತ್ತಿ ಉಣ್ಣುತ್ತಾರೆ. ವಾಪಸ್ ಬರುವಾಗ ದೋಣಿಯನ್ನು ನೀರಿನ ಹರಿವಿಗೆ ಬಿಡುತ್ತಾರೆ. ನದಿಯ ಬಾಯಿಗೆ ಬಂದಾಗ ತುಂಬ ತಡವಾಗಿರುತ್ತದೆ. ಸಮುದ್ರದ ಮೇಲೆ ಹೋಗುವುದನ್ನು ಬಿಟ್ಟು ಅಲ್ಲೇ ಇಳಿದು, ಮರಳ ಮೇಲೆ ನಡೆದುಕೊಂಡು ಮನೆ ಸೇರುತ್ತಾರೆ.

ಅವರು ದೋಣಿಯಿಂದ ಯಾಕೆ ಇಳಿದರು? ನಾನು ಸುಮ್ನೆ ಕೇಳಿದೆ. ತಡವಾಗಿತ್ತಲ್ಲ, ಅದಕ್ಕೆ ಎಂದು ಕೆಲವರು. ಮೂಲೆಯಲ್ಲಿ ಕೂರುವ ಹುಡುಗನೊಬ್ಬ ಕೈ ಎತ್ತಿದ. ತರಗತಿಯಲ್ಲಿ ಅವನು ಮಾತಾಡುವುದೇ ಅಪರೂಪ. ಅವನ ಅಪ್ಪ ಪಾತಿ ದೋಣಿಯಲ್ಲಿ ಮೀನಿಗೆ ಹೋಗುವವರು. "ಅಳಿವೆ ಟೀಚರ್. ರಾತ್ರಿ ಅಳಿವೆ ದಾಟೋದು ಕಷ್ಟ. ನದಿ ನೀರು ಹೊರಗೆ ಹೋಗ್ತಾ ಇರ್ತದೆ, ಸಮುದ್ರದ ತೆರೆ ಒಳಗೆ ಬರ್ತಾ ಇರ್ತದೆ. ಬೆಳದಿಂಗಳು ಅಂದ್ರೆ ಹುಣ್ಣಿಮೆ ಹತ್ತಿರ. ಅವಾಗ ಇಳಿತದ ಸೆಳೆತ ಜಾಸ್ತಿ. ಸಣ್ಣ ದೋಣಿ ಮಗುಚ್ತದೆ."

ಅವನು ಬೋರ್ಡಿನ ಹತ್ತಿರ ಬಂದು ಚಿತ್ರ ಬರೆದು ತೋರಿಸಿದ. ನದಿ, ಮರಳ ದಿಬ್ಬ, ತೆರೆ. ಇಂಗ್ಲಿಷ್ ಅನುವಾದದಲ್ಲಿ ಬರೀ 'ನದಿಯ ಬಾಯಿ' ಎಂಬ ಅರ್ಥದ ಮಾತಿತ್ತು. ನಮ್ಮ ಅನುವಾದದಲ್ಲಿ 'ಅಳಿವೆ' ಬಂತು. ಆ ಪದ ನಿಘಂಟಿನಲ್ಲಿ ಇದೆಯಾ ಎಂದು ಒಬ್ಬಳು ಕೇಳಿದಳು. ಹುಡುಕಿದೆವು. ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು. ಅದರ ಸ್ಕ್ಯಾನ್ ಪ್ರತಿ ಇಂಟರ್ನೆಟ್ ಆರ್ಕೈವ್‌ನಲ್ಲಿದೆ. ಆ ಹಳದಿ ಪುಟದಲ್ಲಿ ತನ್ನ ಅಪ್ಪ ದಿನಾ ಹೇಳುವ ಪದವನ್ನು ಕಂಡಾಗ ಆ ಹುಡುಗನ ಮುಖ ಅರಳಿದ್ದು ನನಗೆ ಈಗಲೂ ನೆನಪಿದೆ. ಅವತ್ತಿನಿಂದ ಅವನು ಮೂಲೆ ಬಿಟ್ಟು ಮುಂದೆ ಕೂರತೊಡಗಿದ.

ಕೋಟೆ ಯಾವುದು ಎಂಬ ವಿಷಯಕ್ಕೆ ಜಗಳವೇ ಆಯಿತು. ಸದಾಶಿವಗಡ ಎಂದು ಅರ್ಧ ಕ್ಲಾಸು. ಅಲ್ಲ, ಸದಾಶಿವಗಡ ಅಳಿವೆಯ ಹತ್ತಿರವೇ ಇದೆ, ಅದನ್ನು ಕಟ್ಟಿಸಿದವರು ಸೋಂದೆಯ ಅರಸರು ಎಂದು ಉಳಿದರ್ಧ. ಎರಡೂ ಗುಂಪು ಮನೆಗೆ ಹೋಗಿ ಮೊಬೈಲಿನಲ್ಲಿ ಹುಡುಕಿಕೊಂಡು ಬಂದರು. ಎರಡು ದಿನ ವಾದ ಮಾಡಿದರು. ನಾನು ತೀರ್ಪು ಕೊಡಲಿಲ್ಲ. ಒಂದು ವಾಕ್ಯಕ್ಕಾಗಿ ಮಕ್ಕಳು ಎರಡು ದಿನ ಜಗಳ ಆಡಿದರೆ ಕನ್ನಡ ಟೀಚರಿಗೆ ಇನ್ನೇನು ಬೇಕು?

ಇದೇ ಥರ ಇನ್ನೊಮ್ಮೆ ಆದದ್ದು ಒಂದು ವಚನದಿಂದ. 'ವಚನ ಸಂಚಯ' ಎಂಬ ತಾಣದಲ್ಲಿ 20,000ಕ್ಕೂ ಹೆಚ್ಚು ವಚನಗಳಿವೆ. ಒಂದು ಪದ ಕೊಟ್ಟರೆ ಆ ಪದ ಎಲ್ಲೆಲ್ಲಿ ಬಂದಿದೆ ಎಂದು ತೋರಿಸುತ್ತದೆ. ಕಡಲಿನ ಮಕ್ಕಳಲ್ಲವಾ, ಅವರು ಮೊದಲು ಹುಡುಕಿದ್ದೇ 'ಸಮುದ್ರ'. ಅಕ್ಕಮಹಾದೇವಿಯ ವಚನ ಸಿಕ್ಕಿತು. ಬೆಟ್ಟದ ಮೇಲೆ ಮನೆ ಮಾಡಿ ಮೃಗಗಳಿಗೆ ಅಂಜಿದರೆ ಹೇಗೆ, ಸಮುದ್ರದ ತಡಿಯಲ್ಲಿ ಮನೆ ಮಾಡಿ ನೊರೆತೆರೆಗಳಿಗೆ ಅಂಜಿದರೆ ಹೇಗೆ ಎನ್ನುತ್ತದಲ್ಲ, ಅದು. ಕೆಲವು ಕಡೆ 'ನೊರೆತೆರೆ' ಎಂದಿದೆ. ಕೆಲವು ಕಡೆ 'ನೊರೆತೊರೆ'. ತೆರೆ ಎಂದರೆ ಅಲೆ, ತೊರೆ ಎಂದರೆ ಹೊಳೆ. ಯಾವುದು ಸರಿ?

ಅಕ್ಕ ಹುಟ್ಟಿದ್ದು ಉಡುತಡಿಯಲ್ಲಿ. ಈಗಿನ ಶಿವಮೊಗ್ಗ ಜಿಲ್ಲೆಯ ಊರು. ಘಟ್ಟದ ಮೇಲಿನದು. "ಅಕ್ಕ ಸಮುದ್ರ ನೋಡಿದ್ರಾ ಟೀಚರ್?" ಎಂದು ಕೇಳಿದರು. ಆಗ ಮನೆಯ ಹಿಂದಿನ ದಡ ಕಡಲ್ಕೊರೆತಕ್ಕೆ ಹೋಗಿರುವ ಒಬ್ಬ ಹುಡುಗಿ ಎದ್ದಳು. "ತೆರೆಗೆ ಅಂಜದೆ ಹೇಗೆ ಇರೋದು ಟೀಚರ್? ನಾವು ಅಂಜ್ತೇವೆ" ಎಂದಳು. ನಾನು ಆ ವಚನವನ್ನು ಎಷ್ಟೋ ಸಲ ಪಾಠ ಮಾಡಿದ್ದೇನೆ. ನಿಂದೆ ಸ್ತುತಿಗಳಿಗೆ ಹೆದರಬಾರದು ಎಂದು ಅರ್ಥ ಹೇಳಿ ಮುಂದೆ ಹೋಗಿದ್ದೇನೆ. ತೆರೆಗೆ ನಿಜಕ್ಕೂ ಅಂಜುವವರು ಎದುರಿಗೆ ಕೂತಿದ್ದಾರೆ ಎಂದು ಹೊಳೆದಿರಲಿಲ್ಲ. ಸಂತೆಯ ಸದ್ದು, ತೆರೆಯ ಹೊಡೆತ, ಕಾಡಿನ ಮೃಗ ಇವೆಲ್ಲ ನಿಜವಾದ ಭಯಗಳು. ಆ ಭಯ ಗೊತ್ತಿದ್ದವರಿಗೇ ಆ ವಚನದ ಧೈರ್ಯ ಎಷ್ಟು ದೊಡ್ಡದು ಎಂದು ತಿಳಿಯುವುದು. ಅವತ್ತು ಪಾಠ ಮಾಡಿದ್ದು ಅವಳು.

ಕೇಳಿಸುವುದರ ಬಗ್ಗೆಯೂ ಹೇಳಬೇಕು. ಕುಮಾರವ್ಯಾಸನ ಷಟ್ಪದಿಯನ್ನು ಕಣ್ಣಲ್ಲಿ ಓದಿದರೆ ಮಕ್ಕಳಿಗೆ ಕಲ್ಲು ಕಡಿದ ಹಾಗೆ. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಿತ್ತು. ಅವರ ವಾಚನದ ಆಡಿಯೋ ನೆಟ್‌ನಲ್ಲಿ ಸಿಗುತ್ತದೆ. ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳುವ ಭಾಗಕ್ಕೆ ನಾನು ಮೊದಲು ಪುಸ್ತಕ ತೆರೆಸುವುದಿಲ್ಲ. ಗಮಕ ಕೇಳಿಸುತ್ತೇನೆ. 'ಕೊರಳ ಸೆರೆ ಹಿಗ್ಗಿದವು' ಎಂಬಲ್ಲಿ ನಿಲ್ಲಿಸುತ್ತೇನೆ. ನಮ್ಮ ಜಿಲ್ಲೆಯ ಮಕ್ಕಳಿಗೆ ಕರ್ಣ ಹೊಸಬನಲ್ಲ. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿದವರು ಇನ್ನೂ ಇದ್ದಾರೆ. ಒಬ್ಬ ಹುಡುಗ ಎದ್ದು ಬಡಗುತಿಟ್ಟಿನ ಕರ್ಣ ದುಃಖ ಪಡುವುದನ್ನು ಮಾಡಿ ತೋರಿಸಿದ. ಕತ್ತು ಬಿಗಿದು, ಮಾತು ಬರದೆ ನಿಂತ. ಪದದ ಅರ್ಥವನ್ನು ನಾನು ಹೇಳಬೇಕಾಗಲಿಲ್ಲ. ಆಮೇಲೆ ಪುಸ್ತಕ ತೆರೆದರು. ಆಗ ಷಟ್ಪದಿ ಕಲ್ಲಾಗಿರಲಿಲ್ಲ.

ಇಲ್ಲಿ ಒಂದು ನೋವಿನ ವಿಷಯ ಇದೆ. ಕೆಲವು ವರ್ಷದ ಹಿಂದೆ ಶಾಲೆಯ ಕಾರ್ಯಕ್ರಮದಲ್ಲಿ ನಾನು ನಾಲ್ಕು ಸಾಲಿನ ಚುಟುಕ ಓದಿದೆ. ದಿನಕರ ದೇಸಾಯಿ ಅವರದು ಎಂದು ಹೇಳಿ ಓದಿದೆ. ಮೊಬೈಲಿಗೆ ಫಾರ್ವರ್ಡ್ ಆಗಿ ಬಂದದ್ದು. ಕಾರ್ಯಕ್ರಮ ಮುಗಿದ ಮೇಲೆ ಅಂಕೋಲೆಯ ಹಿರಿಯರೊಬ್ಬರು ಹತ್ತಿರ ಬಂದು, "ಅಕ್ಕೋರೆ, ಅದು ದಿನಕರರದ್ದಲ್ಲ" ಎಂದರು. ಮೆಲ್ಲಗೆ, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದರು. ನಾನು ಪುಸ್ತಕ ತೆಗೆದು ನೋಡಿದೆ. ನಿಜ, ಅದು ಅವರದಾಗಿರಲಿಲ್ಲ. ಅಂಕೋಲೆಯ ಕವಿಯ ಹೆಸರಿನಲ್ಲಿ, ಅಂಕೋಲೆಯ ಪಕ್ಕದ ತಾಲೂಕಿನಲ್ಲಿ, ಯಾರದೋ ಸಾಲು ಓದಿದ್ದೆ. ಮರುದಿನ ಪ್ರಾರ್ಥನೆಯ ಹೊತ್ತಿಗೆ ಮಕ್ಕಳ ಮುಂದೆ ತಪ್ಪು ಒಪ್ಪಿಕೊಂಡೆ. ಆಮೇಲೆ ನಮ್ಮ ಕ್ಲಾಸಿನಲ್ಲಿ ಒಂದು ರೂಢಿ ಬಂತು. ಯಾರಾದರೂ ನೆಟ್‌ನಿಂದ ಒಂದು ಸಾಲು ತಂದರೆ ಉಳಿದವರು ಕೇಳುತ್ತಾರೆ: "ಯಾವ ಪುಸ್ತಕ? ಯಾವ ಪುಟ?" ನನ್ನನ್ನೂ ಕೇಳುತ್ತಾರೆ.

ಪುಸ್ತಕ ಎಂದಾಗ ಇನ್ನೊಂದು ಮಾತು. ನಮ್ಮ ಜಿಲ್ಲೆಯ ದೊಡ್ಡ ಬರಹ ನೆಟ್‌ನಲ್ಲಿ ಉಚಿತವಾಗಿ ಸಿಗುವಂಥದ್ದಲ್ಲ. ದಿನಕರ ದೇಸಾಯಿ ತೀರಿಕೊಂಡದ್ದು 1982ರಲ್ಲಿ. ಅವರ ಹಕ್ಕು 2042ರ ತನಕ ಇದೆ. ಹನೇಹಳ್ಳಿಯ ಯಶವಂತ ಚಿತ್ತಾಲರು, ಬಂಕಿಕೊಡ್ಲದಲ್ಲಿ ಮೇಷ್ಟ್ರಾಗಿದ್ದ ಸು.ರಂ. ಎಕ್ಕುಂಡಿಯವರು, ಎಲ್ಲರದೂ ಹೀಗೇ. ಇವರನ್ನು ಓದಬೇಕು ಎಂದರೆ ಪುಸ್ತಕವೇ ಬೇಕು. ನಮ್ಮ ಶಾಲೆಯ ಕಪಾಟು ಮಳೆಗಾಲದಲ್ಲಿ ಬೂಸಲು ಹಿಡಿಯುತ್ತದೆ. ದೀಪಾವಳಿ ರಜೆಯ ಮೊದಲು ಮಕ್ಕಳೇ ಪುಸ್ತಕ ಬಿಸಿಲಿಗೆ ಹಾಕುತ್ತಾರೆ. ಹಾಕುವಾಗ ಓದುತ್ತಾರೆ. ಅದಕ್ಕೆ ನಾನು ಅವಸರ ಮಾಡುವುದಿಲ್ಲ.

ರೇಂಜ್ ವಿಷಯ ಹೆಚ್ಚು ಹೇಳುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗುತ್ತದೆ, ಅದರ ಹಿಂದೆ ನೆಟ್‌ವರ್ಕ್ ಹೋಗುತ್ತದೆ. ನಾನು ಎಲ್ಲವನ್ನೂ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳುತ್ತೇನೆ. ಒಂದು ಲ್ಯಾಪ್‌ಟಾಪ್, ಒಂದು ಚಿಕ್ಕ ಸ್ಪೀಕರ್, ಒಂದಿಷ್ಟು ಜೆರಾಕ್ಸ್. ಮೂವತ್ತೊಂದು ಮಕ್ಕಳಿಗೆ ಇಷ್ಟು ಸಾಕಾಗುತ್ತದೆ.

ಮತ್ತೆ ಠಾಗೋರರ ಪುಟಕ್ಕೆ ಬರುತ್ತೇನೆ. ಆ ರಾತ್ರಿ ಮನೆಗೆ ಬಂದ ಮೇಲೆ ಅವರು ಒಂದು ಕವಿತೆ ಬರೆದರು. ಆ ಕವಿತೆಯನ್ನೂ ಅಧ್ಯಾಯದಲ್ಲಿ ಕೊಟ್ಟಿದ್ದಾರೆ. ಆದರೆ ಕೊಟ್ಟ ಮೇಲೆ ಒಂದು ಮಾತು ಹೇಳುತ್ತಾರೆ. ಮನಸ್ಸು ತುಂಬಿ ತುಳುಕುತ್ತಿರುವಾಗ ಬರೆದದ್ದು ಚೆನ್ನಾಗಿಯೇ ಇರಬೇಕು ಎಂದೇನಿಲ್ಲ. ಬರೆಯುವವನು ತನ್ನ ಭಾವದಿಂದ ಪೂರಾ ದೂರ ಇರಬಾರದು, ತೀರಾ ಹತ್ತಿರವೂ ಇರಬಾರದು. ಬಣ್ಣ ಸರಿಯಾಗಿ ಬಳಿಯುವ ಕುಂಚ ನೆನಪು.

ಮಕ್ಕಳಿಗೆ ಇದು ಅರ್ಥ ಆಗುತ್ತದೋ ಇಲ್ಲವೋ ಎಂದುಕೊಂಡಿದ್ದೆ. ಅಷ್ಟರಲ್ಲಿ ಆ ವರ್ಷದ ಮಳೆ ಏನೇನೋ ಮಾಡಿತು. ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಜೀವಗಳು ಹೋದವು. ಆ ದುಃಖ ಇನ್ನೂ ಹಸಿಯಾಗಿತ್ತು. ಆಗಸ್ಟ್ 7ರ ರಾತ್ರಿ ಒಂದು ಗಂಟೆ ಸುಮಾರಿಗೆ ಕಾಳಿಯ ಮೇಲಿನ ಹಳೆ ಸೇತುವೆ ಬಿದ್ದಿತು. ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ, ನಲವತ್ತು ವರ್ಷ ಹಳೆಯ ಸೇತುವೆ. ಒಂದು ಲಾರಿ ನೀರಿಗೆ ಬಿತ್ತು. ಚಾಲಕನನ್ನು ಬದುಕಿಸಿದರು. ನಾವು ಓದಿದ ಪುಟದ ನದಿಯೇ ಅದು.

ಅಕ್ಟೋಬರಿನಲ್ಲಿ ಮಳೆ ಬಿಟ್ಟ ಮೇಲೆ ಮಕ್ಕಳನ್ನು ಕೋಡಿಬಾಗದ ಕಡೆ ಅಳಿವೆಯ ದಡಕ್ಕೆ ಕರೆದುಕೊಂಡು ಹೋದೆ. ನಮ್ಮ ಅನುವಾದವನ್ನು ಅಲ್ಲಿ ನಿಂತು ಜೋರಾಗಿ ಓದಿದೆವು. ಅವತ್ತು ಸಂಜೆಯೇ ಒಂದು ಪುಟ ಬರೆದು ತನ್ನಿ ಎಂದೆ. ಮೂವತ್ತೊಂದು ಪುಟ ಬಂತು. ಎಲ್ಲದರಲ್ಲೂ ಸೂರ್ಯ ಮುಳುಗಿದ್ದ. ಎಲ್ಲದರಲ್ಲೂ ದೃಶ್ಯ ರಮಣೀಯವಾಗಿತ್ತು. ನಾನು ಏನೂ ಹೇಳದೆ ಎತ್ತಿಟ್ಟೆ.

ಜನವರಿಯಲ್ಲಿ ಒಂದು ದಿನ ಹೇಳದೆ ಕೇಳದೆ ಹಾಳೆ ಹಂಚಿದೆ. ಹಳೆಯದನ್ನು ನೋಡಬೇಡಿ, ಆ ದಡದ ಬಗ್ಗೆ ಈಗ ಬರೆಯಿರಿ ಎಂದೆ. ತುಂಬಾ ಹೊತ್ತು ಯಾರೂ ಪೆನ್ನು ಎತ್ತಲಿಲ್ಲ. ಆಮೇಲೆ ಬರೆದರು. ಸೂರ್ಯ ಬಹಳ ಜನರ ಹಾಳೆಯಿಂದ ಹೋಗಿದ್ದ. ಅಳಿವೆಯ ಪದ ಕೊಟ್ಟ ಹುಡುಗನ ಹಾಳೆಯಲ್ಲಿ ಸೇತುವೆ ಬಿದ್ದ ರಾತ್ರಿ ಇತ್ತು. ಅಕ್ಟೋಬರಿನಲ್ಲಿ ಅದರ ಬಗ್ಗೆ ಅವನು ಒಂದಕ್ಷರ ಬರೆದಿರಲಿಲ್ಲ. ಸದ್ದು ಕೇಳಿ ಆಯಿ (ಅಮ್ಮ) ಎದ್ದು ಕತ್ತಲೆಯಲ್ಲೇ ಮಲಗಿದವರನ್ನೆಲ್ಲ ಮುಟ್ಟಿ ಮುಟ್ಟಿ ಎಣಿಸಿದಳು ಎಂದು ಬರೆದಿದ್ದ. ಅಪ್ಪ ಆಗ ಮನೆಯಲ್ಲೇ ಇದ್ದರು, ಆದರೂ ಆಯಿ ಎರಡು ಸಲ ಎಣಿಸಿದಳು. ಕೊನೆಯ ಸಾಲು ಹೀಗಿತ್ತು: 'ಈಗ ನದಿ ಸುಮ್ಮನೆ ಇದೆ. ಆಯಿ ಮಾತ್ರ ಇನ್ನೂ ರಾತ್ರಿ ಒಂದು ಸಲ ಏಳುತ್ತಾಳೆ.'

ಅವನಿಗೆ ಹೇಳಿ ಕೇಳಿ ಆ ಹಾಳೆಯನ್ನು ತರಗತಿಯ ಅನುವಾದದ ನೋಟ್‌ಬುಕ್ಕಿನಲ್ಲಿ ಅಂಟಿಸಿದೆವು. ಠಾಗೋರರು ಮರಳ ಮೇಲೆ ನಡೆದು ಮನೆಗೆ ಹೋಗುವ ಪುಟದ ಎದುರು ಪುಟಕ್ಕೆ.